ಮಿಲೇನಾದು ಆರೇ, ಎಂಟಲ್ಲ

ನೇರಿಯೊ ಮಾಲಗೋಲಿಗೆ ಎಂಜಿನ್ನಿನ ವಿಚಾರದಲ್ಲಿ ಬಾಯಿ ತೆರೆಯುವ ಹಕ್ಕಿರಲಿಲ್ಲ. ಹಾಗಂತ ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ನಮ್ಮ ಕಾಸಲ್‌ಪಾನಾರೊದಲ್ಲಿ ಬರೆದಿಡದ ಕಾನೂನಿಗೇ ಬೆಲೆ ಜಾಸ್ತಿ. ಊರಿನ ಒಂದು ತುದಿಯಲ್ಲಿ ಚರ್ಚು, ಇನ್ನೊಂದು ತುದಿಯಲ್ಲಿ ಕಾರ್ಖಾನೆ. ಚರ್ಚಿನಲ್ಲಿ ದೇವರಿದ್ದಾನೆಯೇ ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಉಂಟು, ಕಾರ್ಖಾನೆಯ ಬಗ್ಗೆ ಇಲ್ಲ. ಅಲ್ಲಿ ತಯಾರಾಗುವ ಕಾರನ್ನು ಊರಿನವರು ಯಾರೂ ಈವರೆಗೆ ಕೊಂಡಿಲ್ಲ, ಮುಂದೆ ಕೊಳ್ಳುವ ಅಪಾಯವೂ ಇಲ್ಲ. ಕಾರು ದೊಡ್ಡವರಿಗೆ ಹೋಗುತ್ತದೆ, ಸದ್ದು ನಮಗೆ ಉಳಿಯುತ್ತದೆ. ಆ ಸದ್ದಿನ ಮೇಲೆಯೇ ನಾವು ಬದುಕಿದ್ದೇವೆ. ಬಟ್ಟೆ ಒಣಹಾಕುವ ಹೆಂಗಸರು ಕೂಡ ಕೆಳಗೆ ಹೋದದ್ದು ಎಂಟು ಸಿಲಿಂಡರಿನದೋ ಹನ್ನೆರಡರದೋ ಎಂದು ತಲೆಯೆತ್ತದೆ ಹೇಳಿಬಿಡುತ್ತಾರೆ.

ಇಂಥ ಊರಿನಲ್ಲಿ ನೇರಿಯೊ ಹರೆಯದಲ್ಲಿ ಮೂರು ಸಲ ಕಾರ್ಖಾನೆಯ ಕೆಲಸಕ್ಕೆ ಹೋಗಿ ಮೂರು ಸಲವೂ ಗೇಟಿನಿಂದ ವಾಪಸ್ಸು ಬಂದವನು. ಕೊನೆಗೆ ಸಸ್ಸುವೋಲೊದ ಟೈಲ್ಸ್ ಫ್ಯಾಕ್ಟರಿ ಸೇರಿ, ಬಚ್ಚಲುಮನೆಯ ಬಿಲ್ಲೆಗಳು ಓರೆಯಾಗಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತ ನಿವೃತ್ತನಾದ. ಆ ಕಣ್ಣು ಈಗಲೂ ಅರ್ಧ ಮುಚ್ಚಿಕೊಂಡೇ ಇರುತ್ತದೆ. ಲೋರಿಸನ ಕಾಫಿ ಅಂಗಡಿಯಲ್ಲಿ ನಾವು ನಾಲ್ಕು ಜನ ದಿನಾ ಇಸ್ಪೀಟಿಗೆ ಕೂರುತ್ತಿದ್ದೆವು: ಲೋರಿಸ್, ನೇರಿಯೊ, ನಾನು, ಮತ್ತು ವಾಯ್ನೆರ್. ವಾಯ್ನೆರ್ ಎಂದರೆ ಸುಮ್ಮನೆ ಅಲ್ಲ, ಕಾರ್ಖಾನೆಯ ಲೇತಿನ ಮುಂದೆ ಬಾಳೆಲ್ಲ ಸವೆಸಿದವನು, ಎಂಜಿನ್ ವಿಷಯದಲ್ಲಿ ನಮ್ಮ ಹೈಕೋರ್ಟು. ನೇರಿಯೊ ಅಪ್ಪಿತಪ್ಪಿ ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಬಗ್ಗೆ ಒಂದು ಮಾತಾಡಿದರೆ ಸಾಕು, ವಾಯ್ನೆರ್ ಎಲೆಗಳಿಂದ ಕಣ್ಣೆತ್ತದೆ, "ಬಚ್ಚಲುಮನೆ ವಿಷಯ ಬರ್ಲಿ, ಆಗ ನಿನ್ನ ಕೇಳ್ತೀವಿ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ನೇರಿಯೊನೂ ನಗುತ್ತಿದ್ದ, ಅದು ಅವನ ದೊಡ್ಡ ತಪ್ಪು. ನಕ್ಕವನನ್ನು ಮತ್ತೆ ಮತ್ತೆ ನಗಿಸಬೇಕು ಎನಿಸುತ್ತದೆ.

ವಿಧಿ ನೋಡಿ, ಇಂಥವನ ಮಗಳು ಮಿಲೇನಾ ಅದೇ ಕಾರ್ಖಾನೆಯ ಒಳಕೋಣೆ ಸೇರಿದಳು. ಕಚೇರಿಯಲ್ಲಲ್ಲ, ಹೊಸ ಎಂಜಿನ್‌ಗಳನ್ನು ಕಟ್ಟಿಹಾಕಿ ಓಡಿಸಿ ಪರೀಕ್ಷೆ ಮಾಡುವ ಜಾಗದಲ್ಲಿ. ನಮ್ಮೂರಿನ ಹೆಣ್ಣುಮಕ್ಕಳಲ್ಲಿ ಆ ಬಾಗಿಲು ದಾಟಿದವಳು ಅವಳೊಬ್ಬಳೇ. ಒಳಗೆ ನೋಡಿದ್ದನ್ನು ಹೊರಗೆ ಆಡಬಾರದೆಂಬುದು ಅಲ್ಲಿಯ ಮೊದಲ ನಿಯಮ, ಅವಳು ಆಡುತ್ತಲೂ ಇರಲಿಲ್ಲ. ಭಾನುವಾರ ಅಪ್ಪ ಅಮ್ಮನ ಮನೆಗೆ ಬಂದು, ಸಾರಿನಲ್ಲಿ ಬೆಂದ ತೊರ್ತೆಲ್ಲೀನಿ ಕಡುಬು ತಿಂದು, ಹವೆಯ ಬಗ್ಗೆ ಮಾತಾಡಿ ಹೋಗುತ್ತಿದ್ದಳು.

ಆ ವರ್ಷ ಕಾರ್ಖಾನೆ ಹೊಸ ಎಂಜಿನ್ ಮಾಡುತ್ತಿದೆ, ಈವರೆಗೆ ಇಲ್ಲದಷ್ಟು ಜೋರಿನ ಟರ್ಬೊ ಎಂಜಿನ್ನಂತೆ ಎಂಬ ಸುದ್ದಿ ಹಬ್ಬಿತು. ಅಷ್ಟೇ, ಊರು ಎರಡಾಯಿತು. ಎಂಟು ಸಿಲಿಂಡರೇ ಇರುತ್ತದೆ ಎಂದ ವಾಯ್ನೆರ್ ಮತ್ತು ಅವನ ಕಡೆಯವರು ಒಂದು ಕಡೆ, ಹೊಗೆಯ ಕಾನೂನು ಬಿಗಿಯಾಗಿದೆ, ಆರಕ್ಕೆ ಇಳಿಯಲೇಬೇಕು ಎಂದವರು ಇನ್ನೊಂದು ಕಡೆ. ಟರ್ಬೊ ಒಂದೋ ಎರಡೋ ಎಂಬುದು ಪ್ರತ್ಯೇಕ ಜಗಳ. ಅದರ ಜೊತೆ ಬ್ಯಾಟರಿಯ ಸಹಾಯ ಇರುತ್ತದೆಯೇ ಎಂದು ಕೇಳಿದವನ ಜೊತೆ ವಾಯ್ನೆರ್ ಮಾತೇ ಬಿಟ್ಟ. ಈಸ್ಟರ್ ಊಟಕ್ಕೆ ಕೂತ ಅಣ್ಣತಮ್ಮಂದಿರು ಸಿಹಿ ಬರುವ ಮೊದಲೇ ಎದ್ದು ಹೋದರು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ನೇರಿಯೊಗೆ ಫೋನ್ ಬಂತು. ಆಚೆ ಬದಿಯಲ್ಲಿದ್ದವನು ಹೆಂಡತಿಯ ತಮ್ಮ ಅದೆಲ್ಮೊ. ಅವನಿಗೆ ಕಿವಿ ಮಂದ. ನೇರಿಯೊ ಅಂಗಡಿಯ ಮೂಲೆಗೆ ಹೋಗಿ, ಗುಟ್ಟಿನ ಮುಖ ಮಾಡಿಕೊಂಡು, ಊರಿಗೆಲ್ಲ ಕೇಳುವಂತೆ ಕೂಗಿದ.

"ಮಿಲೇನಾದು ಆರೇ ಕಣೋ. ಎಂಟಲ್ಲ, ಆರು. ಹೂಂ, ಬ್ಯಾಟರಿ ಚೆನ್ನಾಗಿದೆ. ಎರಡಕ್ಕೆ ಉಸಿರಾಡ್ಲಿ ಅಂತ ಬಾಯಿ ಬಿಟ್ಟಿದೀನಿ, ಶಾಖ ಏರಿದಷ್ಟೂ ಅದಕ್ಕೆ ಒಳ್ಳೇದು. ಚಳಿಗಾಲಕ್ಕೆ ಹೊರಗೆ ತೆಗೀತೀವಿ. ಯಾರ ಹತ್ರಾನೂ ಉಸಿರೆತ್ತಬೇಡ, ಗೊತ್ತಾದ್ರೆ ಊರೇ ಬಾಗಿಲಿಗೆ ಬರುತ್ತೆ."

ಅಂಗಡಿಯಲ್ಲಿದ್ದವರೆಲ್ಲ ಕಾಫಿ ಬಿಟ್ಟು ಆ ಮೂಲೆಗೆ ತಿರುಗಿದರು.

ನೀವು ನಮ್ಮ ಹಾಗೆ ಬೇಸ್ತು ಬೀಳಬಾರದು ಎಂದು ಈಗಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ, ಅಟ್ಟದ ಮೇಲೆ ಅವಳ ಹೆಸರಿನಲ್ಲಿ ಮರದ ಪೀಪಾಯಿಗಳ ಒಂದು ಸಾಲು ಇಡುತ್ತಾರೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗುವ ಆ ಸಾಲಿನಲ್ಲಿ ಕಾಯಿಸಿದ ದ್ರಾಕ್ಷಿರಸ ವರ್ಷಗಟ್ಟಲೆ ಕೂತು, ಬೇಸಿಗೆಯ ಸೆಖೆಗೆ ಆವಿಯಾಗಿ, ಕಪ್ಪಗೆ ಗಟ್ಟಿಯಾಗಿ, ವಿನಿಗರ್ ಆಗುತ್ತದೆ. ಒಳಗಿನದಕ್ಕೆ ಗಾಳಿ ಬೇಕೆಂದು ಪೀಪಾಯಿಯ ಬಾಯಿಗೆ ಬಿರಡೆ ಹಾಕದೆ ಬಟ್ಟೆ ಮುಚ್ಚುತ್ತಾರೆ. ಆ ಸಾಲಿಗೆ ನಮ್ಮ ಅಜ್ಜಂದಿರ ಕಾಲದಿಂದ ಬ್ಯಾಟರಿ ಎಂದೇ ಹೆಸರು. ಮಿಲೇನಾಳ ಬ್ಯಾಟರಿಯಲ್ಲಿ ಆರು ಪೀಪಾಯಿ ಇದ್ದವು. ಅವಳಿಗೆ ಮೂವತ್ತು ತುಂಬುವ ಚಳಿಗಾಲಕ್ಕೆ ಅದರಿಂದ ಮೊದಲ ಬಾಟಲಿ ತೆಗೆಯುವುದೆಂದು ಅಪ್ಪನ ಆಸೆ, ಗೊತ್ತಾದರೆ ಊರೆಲ್ಲ ಒಂದೊಂದು ತೊಟ್ಟು ಕೇಳಿಕೊಂಡು ಬರುತ್ತದೆಂದು ಅದು ಗುಟ್ಟು. ಬ್ಯಾಟರಿ ಎಂದರೆ ಏನೆಂಬುದು ಮಾತ್ರ ಆ ಅಂಗಡಿಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿದ್ದ ವಿಷಯ. ನಮ್ಮೆಲ್ಲರ ಅಟ್ಟದಲ್ಲೂ ಬ್ಯಾಟರಿ ಇದೆ. ಆದರೂ ಒಬ್ಬನಿಗಾದರೂ ಅದು ಹೊಳೆಯಲಿಲ್ಲ. ಎಂಜಿನ್ ತಲೆಗೇರಿದ್ದಾಗ ಮನುಷ್ಯನಿಗೆ ಸ್ವಂತ ಅಟ್ಟವೂ ನೆನಪಿರುವುದಿಲ್ಲ.

ನೇರಿಯೊ ಫೋನಿಟ್ಟು ಬಂದು ಕೂತಾಗ ವಾಯ್ನೆರ್ ಅವನಿಗೆ ಕುರ್ಚಿ ಎಳೆದುಕೊಟ್ಟ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅದು ಮೊದಲು. ಆಮೇಲೆ ಬಹಳ ಮೆಲ್ಲಗೆ, ಆರು ಅಂದೆಯಲ್ಲ, ಖಚಿತವೇ ಎಂದು ಕೇಳಿದ. ನಾನೇ ಇಟ್ಟಿದ್ದು, ನನಗೆ ಗೊತ್ತಿಲ್ಲವೇ ಎಂದ ನೇರಿಯೊ. ಬ್ಯಾಟರಿಯೂ ಉಂಟೇ ಎಂದ ವಾಯ್ನೆರ್. ಬ್ಯಾಟರಿ ಇಲ್ಲದೆ ಏನು ಪ್ರಯೋಜನ ಎಂದ ನೇರಿಯೊ. ವಾಯ್ನೆರ್ ಮುಖ ನೋಡಬೇಕಿತ್ತು, ಜೀವಮಾನದ ನಂಬಿಕೆ ಕಳೆದುಕೊಂಡವನು ಕೂಡ ಅಷ್ಟು ವಿನಯದಿಂದ ಇರಲಾರ. ಎರಡು ಬಾಯಿ ಎಂದರೆ ಎರಡು ಟರ್ಬೊ, ಉಸಿರಾಟ ಎಂದರೆ ಅದೇ ತಾನೆ, ಎಂದು ಅವನೇ ನಮಗೆಲ್ಲ ಬಿಡಿಸಿ ಹೇಳಿದ. ಅಂದಿನ ಕಾಫಿ ನೇರಿಯೊಗೆ ಪುಕ್ಕಟೆ.

ಎರಡು ದಿನ ನೇರಿಯೊಗೆ ಏನೂ ತಿಳಿಯಲಿಲ್ಲ. ಜನ ಯಾಕೆ ನಮಸ್ಕರಿಸುತ್ತಿದ್ದಾರೆ, ಕ್ಷೌರದವನು ಸರದಿ ತಪ್ಪಿಸಿ ಮೊದಲು ಯಾಕೆ ಕೂರಿಸಿದ, ಹೆಂಡತಿ ಆರ್ಜಿಯಾಳಿಗೆ ಮಾಂಸದಂಗಡಿಯವನು ಒಳ್ಳೆಯ ತುಂಡನ್ನೇ ಯಾಕೆ ಕೊಟ್ಟ, ಎಲ್ಲ ಒಗಟು. ಮೂರನೆಯ ದಿನ ನಾನೇ, ನಿನ್ನ ಫೋನಿನ ಮಾತಿನಿಂದ ಹೊಸ ಎಂಜಿನ್ನಿನ ಗುಟ್ಟು ಊರಿಗೆಲ್ಲ ತಿಳಿಯಿತಲ್ಲ ಎಂದು ಹೇಳಿದೆ. ಅವನು ಅಷ್ಟಗಲ ಬಾಯಿ ತೆರೆದು, ಅಯ್ಯೋ ಅದು ಅಟ್ಟದ ವಿನಿಗರ್ ಮಾತು ಕಣಯ್ಯಾ ಎಂದ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗಲೇ ಹೋಗಿ ಹೇಳಿಬಿಡುತ್ತೇನೆ ಎಂದು ಅಂಗಡಿಗೆ ಹೊರಟ. ನಾನೂ ಹಿಂದೆಯೇ ಹೋದೆ.

ಒಳಗೆ ಹೋದ ಕೂಡಲೇ ವಾಯ್ನೆರ್ ಎದ್ದು ನಿಂತ. ನೇರಿಯೊ ಗಂಟಲು ಸರಿಮಾಡಿಕೊಂಡು, ನನಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ ಎಂದ. ಅಪ್ಪಟ ಸತ್ಯ. ಆದರೆ ವಾಯ್ನೆರ್ ಅಂಗಡಿಯ ಎಲ್ಲರ ಕಡೆ ತಿರುಗಿ, "ನೋಡಿ, ಗಂಭೀರ ಮನುಷ್ಯ ಅಂದ್ರೆ ಹೀಗಿರ್ಬೇಕು. ಗೊತ್ತಿರೋನು ಯಾವತ್ತಾದ್ರೂ ಗೊತ್ತು ಅಂತಾನಾ?" ಎಂದ. ಎಲ್ಲರೂ ಹೌದೆಂದು ತಲೆದೂಗಿದರು. ವಿನಿಗರಿನ ಮಾತು ಇನ್ನೂ ಬಾಕಿಯಿತ್ತು. ಅವನು ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ನಂತರ ಅವನು ಮೆಲ್ಲಗೆ ಆ ಎಳೆದಿಟ್ಟ ಕುರ್ಚಿಯಲ್ಲಿ ಕೂತ.

ಕೂತದ್ದು ತಪ್ಪು ಎಂದು ಈಗ ಹೇಳುವುದು ಸುಲಭ. ಮೂರು ಸಲ ಗೇಟಿನಿಂದ ತಿರುಗಿ ಬಂದವನಿಗೆ ಯಾರೋ ಕುರ್ಚಿ ಕೊಟ್ಟಾಗ ಬೇಡ ಎನ್ನುವುದು ಎಷ್ಟು ಕಷ್ಟ ಎಂದು ಆಗ ನಾನೂ ಯೋಚಿಸಿದೆ, ಸುಮ್ಮನಾದೆ.

ಆಮೇಲೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಕೊರತೆಯೇ? ಕಾರ್ಖಾನೆಯ ಪರೀಕ್ಷಾ ಕಾರುಗಳು ಮುಸುಕು ಹಾಕಿಕೊಂಡು ಬೆಟ್ಟದ ರಸ್ತೆಗೆ ಇಳಿಯುವಾಗ ಪೊದೆಗಳಲ್ಲಿ ಅವಿತು ಫೋಟೊ ತೆಗೆಯುವವರಿದ್ದಾರೆ, ಉದ್ದ ಮೂತಿಯ ಕ್ಯಾಮೆರಾದವರು. ಅವರು ಪೊದೆ ಬಿಟ್ಟು ಲೋರಿಸನ ಅಂಗಡಿಗೆ ಬಂದರು. ನೇರಿಯೊ ಏನೂ ಹೇಳುತ್ತಿರಲಿಲ್ಲ. ಎಂಟೇ ಎಂದು ಯಾರಾದರೂ ಎಂದರೆ ಆ ಅರ್ಧ ಕಣ್ಣನ್ನು ಪೂರ್ತಿ ಮುಚ್ಚುತ್ತಿದ್ದ. ಆರು ಎಂದರೆ ತೆರೆಯುತ್ತಿದ್ದ. ಇಷ್ಟನ್ನೇ ಇಟ್ಟುಕೊಂಡು ಮಿಲಾನಿನ ಒಂದು ಕಾರು ಪತ್ರಿಕೆ, ಕಾರ್ಖಾನೆಗೆ ಅತ್ಯಂತ ಹತ್ತಿರದ ಕುಟುಂಬದ ಮೂಲಗಳ ಪ್ರಕಾರ ಆರು ಸಿಲಿಂಡರು, ಎರಡು ಟರ್ಬೊ, ಬ್ಯಾಟರಿ ಎಂದು ಅಚ್ಚು ಹಾಕಿತು. ಅದನ್ನು ಓದಿ ವಾಯ್ನೆರ್ ನೇರಿಯೊನ ಕೈ ಹಿಡಿದುಕೊಂಡು ಕುಲುಕಿದ. ಆರ್ಜಿಯಾ ಮಾತ್ರ ಗಂಡನನ್ನು ಅಡಿಗೆಮನೆಗೆ ಕರೆದು, ಹುಡುಗಿಯ ಕೆಲಸ ನೆನಪಿರಲಿ ಎಂದಳಂತೆ. ನಾನೇನು ಹೇಳಿದೆ, ಒಂದು ಮಾತಾದರೂ ಆಡಿದೆನೇ ಎಂದು ಇವನು ಅವಳ ಮೇಲೆಯೇ ರೇಗಿದನಂತೆ.

ಆ ವಾರವೇ ದೊತ್ತೋರ್ ಸ್ಗೆದೋನಿ ಬಂದರು. ನಮ್ಮಲ್ಲಿ ಟೈ ಕಟ್ಟಿದವರೆಲ್ಲ ದೊತ್ತೋರ್, ಮದ್ದು ಕೊಡಬೇಕೆಂದೇನಿಲ್ಲ. ಇವರು ಕಾರ್ಖಾನೆಯ ಗುಟ್ಟು ಕಾಯುವ ವಿಭಾಗದ ದೊಡ್ಡವರು, ತೆಳ್ಳಗೆ, ಮೃದುವಾಗಿ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮಾತಾಡುವವರು. ಮನೆಗೆ ಹೋಗಿದ್ದರೆ ಇಷ್ಟಾಗುತ್ತಿರಲಿಲ್ಲವೋ ಏನೋ. ನೇರಿಯೊ ಮನೆಯಲ್ಲಿಲ್ಲ ಎಂದು ತಿಳಿದು ಸೀದಾ ಕಾಫಿ ಅಂಗಡಿಗೇ ಬಂದರು. ಅಂಗಡಿ ತುಂಬಿತ್ತು. ಅವರು ಟೋಪಿ ತೆಗೆದು, ಕಾಫಿ ತರಿಸಿಕೊಂಡು, ಬಹಳ ಮರ್ಯಾದೆಯಿಂದ ಒಂದೇ ಒಂದು ಪ್ರಶ್ನೆ ಕೇಳಿದರು.

"ಸಿನ್ಯೋರ್ ಮಾಲಗೋಲಿ, ನಿಮ್ಮ ಮಗಳು ಮನೇಲಿ ಕೆಲಸದ ವಿಷಯ ಮಾತಾಡ್ತಾರಾ?"

ಉತ್ತರ ಸುಲಭವಿತ್ತು. ಇಲ್ಲ, ಅವಳು ನನಗೆ ಏನೂ ಹೇಳುವುದಿಲ್ಲ, ಎಂದಿದ್ದರೆ ಮುಗಿಯುತ್ತಿತ್ತು. ಅದೇ ನಿಜವೂ ಆಗಿತ್ತು. ಆದರೆ ಆ ನಿಜವನ್ನು ವಾಯ್ನೆರ್‌ನ ಮುಂದೆ, ಕ್ಯಾಮೆರಾದವರ ಮುಂದೆ, ಎಳೆದುಕೊಟ್ಟ ಕುರ್ಚಿಯ ಮೇಲೆ ಕೂತು ಹೇಳಬೇಕಿತ್ತು. ನನ್ನ ಮಗಳು ಊರಿನ ದೇವರ ಗರ್ಭಗುಡಿಯಲ್ಲಿ ಕೆಲಸ ಮಾಡುತ್ತಾಳೆ, ನನ್ನ ಹತ್ತಿರ ಮಾತಾಡುವುದು ಮೋಡದ ಬಗ್ಗೆ ಎಂದು ಯಾವ ಅಪ್ಪ ತಾನೇ ನಾಲ್ಕು ಜನರ ಎದುರು ಹೇಳಿಯಾನು? ನೇರಿಯೊ ಎದೆ ಸೆಟೆಸಿದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಅದನ್ನು ಅವನು ಪ್ರೋತ್ಸಾಹ ಎಂದುಕೊಂಡ.

"ಅಪ್ಪ ಮಗಳ ಮಧ್ಯೆ ಮುಚ್ಚುಮರೆ ಏನಿರುತ್ತೆ, ದೊತ್ತೋರ್? ನಾವು ಎಲ್ಲಾನೂ ಮಾತಾಡ್ತೀವಿ."

ಸ್ಗೆದೋನಿಯವರು ಕಾಫಿ ಮುಗಿಸಿದರು, ಧನ್ಯವಾದ ಹೇಳಿದರು, ಟೋಪಿ ಹಾಕಿಕೊಂಡು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಮರುದಿನ ಮಿಲೇನಾಳನ್ನು ಪರೀಕ್ಷೆಯ ಕೋಣೆಗೆ ಬಿಡಲಿಲ್ಲ. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದರು. ಆ ಎಂಜಿನ್ನಿಗೆ ಅವಳು ನಾಲ್ಕು ವರ್ಷ ದುಡಿದಿದ್ದಳು. ನವೆಂಬರಿನಲ್ಲಿ ಅದನ್ನು ಕಾರಿಗೆ ಕೂರಿಸಿ ಮೊದಲ ಸಲ ಹೊರಗೆ ಓಡಿಸುವಾಗ, ದುಡಿದವರೆಲ್ಲ ಅಂಗಳದಲ್ಲಿ ಸುತ್ತ ನಿಂತು ಅದರ ಮೊದಲ ಸದ್ದು ಕೇಳುವುದು ಅಲ್ಲಿಯ ರೂಢಿ. ಅಲ್ಲಿ ಅವಳಿಗೂ ಒಂದು ಜಾಗವಿತ್ತು. ಆ ಜಾಗ ಈಗ ಅಪ್ಪನ ಒಂದು ಮಾತಿನ ಮೇಲೆ ನಿಂತಿತು.

ಸುದ್ದಿ ಕೇಳಿ ನೇರಿಯೊನ ಮುಖ ಸುಣ್ಣದ ಹಾಗಾಯಿತು. ಅವನು ಟೋಪಿಯೂ ಇಲ್ಲದೆ ಕಾರ್ಖಾನೆಯ ಗೇಟಿಗೆ ಓಡಿದ, ನಾಲ್ಕನೆಯ ಸಲ. ಎಲ್ಲ ವಿನಿಗರ್ ಕಥೆ ಎಂದು ಕಾವಲಿನವನಿಗೆ ಹೇಳಿದ. ಗುರುತಿಗೆ ಇರಲಿ ಎಂದು, ಚಳಿಗಾಲಕ್ಕೂ ಕಾಯದೆ, ಒಂದು ಸಣ್ಣ ಬಾಟಲಿಯನ್ನೂ ತುಂಬಿ ಒಯ್ದಿದ್ದ. ಕಾವಲಿನವನು ಅದನ್ನು ಲಂಚ ಎಂದು ಬರೆದುಕೊಂಡ. ಕಡೆಗೆ ಬೇಡಿ ಬೇಡಿ ಸ್ಗೆದೋನಿಯವರನ್ನು ಮನೆಗೆ ಕರೆತಂದ. ಸಾಕ್ಷಿಗೆ ನನ್ನನ್ನೂ ವಾಯ್ನೆರ್‌ನನ್ನೂ ಕರೆದ. ವಾಯ್ನೆರ್‌ನನ್ನು ಯಾಕೆ ಕರೆದ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಎಲ್ಲರೂ ಅಟ್ಟ ಹತ್ತಿದೆವು. ಅಲ್ಲಿ ಕಿಟಕಿಯ ಬಿಸಿಲಿನಲ್ಲಿ ಆರು ಪೀಪಾಯಿ ಸಾಲಾಗಿ ಇದ್ದವು, ಎರಡರ ಬಾಯಿಯ ಬಟ್ಟೆ ತೆಗೆದಿತ್ತು. ನೇರಿಯೊ ಒಂದೊಂದನ್ನೂ ಮುಟ್ಟಿ ತೋರಿಸಿ, ಇದು ಆರು, ಇದು ಬಾಯಿ, ಇದು ಬ್ಯಾಟರಿ ಎಂದು ಫೋನಿನ ಮಾತನ್ನೆಲ್ಲ ಪುನಃ ಒಪ್ಪಿಸಿದ. ಇಷ್ಟು ಸ್ಪಷ್ಟವಾದದ್ದನ್ನು ನಂಬದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ವಾಯ್ನೆರ್ ಪೀಪಾಯಿಗಳ ಸುತ್ತ ಒಂದು ಸುತ್ತು ಬಂದು, ಮೆಚ್ಚುಗೆಯಿಂದ ತಲೆದೂಗಿದ.

"ಎಷ್ಟು ಬುದ್ಧಿವಂತ ನೋಡಿ, ದೊತ್ತೋರ್. ಮರೆತುಹೋಗ್ಬಾರ್ದು ಅಂತ ಪೀಪಾಯೀಲೇ ಮಾದರಿ ಮಾಡಿಟ್ಕೊಂಡಿದಾನೆ."

ಅವನು ಸ್ನೇಹಿತನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದ.  ಸ್ಗೆದೋನಿಯವರು ನೇರಿಯೊ ಕೊಟ್ಟ ಚಮಚದಿಂದ ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ರುಚಿ ಬಹಳ ಚೆನ್ನಾಗಿದೆ, ಇಂಥದ್ದು ತಿಂದು ವರ್ಷಗಳಾದವು ಎಂದರು. ನಂತರ ಚಮಚ ವಾಪಸ್ಸು ಕೊಟ್ಟು, ಅದೇ ಮೃದು ದನಿಯಲ್ಲಿ, "ಆದ್ರೆ ಸಿನ್ಯೋರ್ ಮಾಲಗೋಲಿ, ವಿನಿಗರ್‌ಗೆ ಇಷ್ಟೆಲ್ಲ ಸರಿಯಾಗಿ ಗೊತ್ತಿರೋಕೆ ಆಗಲ್ಲ" ಎಂದರು.

ಆಗ ನನಗೆ ಹೊಳೆಯಿತು. ನಿಜವಾದ ಎಂಜಿನ್ ಕೂಡ ಆರರದ್ದೇ, ಎರಡು ಟರ್ಬೊ, ಬ್ಯಾಟರಿ. ಊರಿನ ಹೈಕೋರ್ಟು ತಪ್ಪಿತ್ತು, ಅಟ್ಟದ ಪೀಪಾಯಿ ಸರಿಯಿತ್ತು. ಊಹೆ ತಪ್ಪಾಗಿದ್ದರೆ ಹುಡುಗಿ ಉಳಿಯುತ್ತಿದ್ದಳು. ನೇರಿಯೊ ಬಾಳಿನಲ್ಲಿ ಒಂದೇ ಒಂದು ಸಲ ಎಂಜಿನ್ ವಿಷಯದಲ್ಲಿ ಸರಿಯಾದದ್ದು ಹೇಳಿದ, ಅದೂ ತನಗೇ ತಿಳಿಯದೆ. ಅವನು ಮೊಣಕಾಲೂರುವುದೊಂದು ಬಾಕಿ. ಮಗಳು ನನಗೆ ಏನೂ ಹೇಳುವುದಿಲ್ಲ, ಯಾವತ್ತೂ ಏನೂ ಹೇಳಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಆ ಮಾತನ್ನು ಅಂಗಡಿಯಲ್ಲಿ ಹೇಳಿದ್ದರೆ ಸಾಕಿತ್ತು. ಈಗ ಅದನ್ನು ಕೇಳುವವರಿರಲಿಲ್ಲ, ಸ್ಗೆದೋನಿಯವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಮಿಲೇನಾ ಬಾಯಿಬಿಟ್ಟಿದ್ದಕ್ಕೆ ಸಾಕ್ಷಿ ಸಿಗಲಿಲ್ಲ, ಆದ್ದರಿಂದ ಕೆಲಸದಿಂದ ತೆಗೆಯಲಿಲ್ಲ. ಬಾಯಿಬಿಟ್ಟಿಲ್ಲ ಎಂಬುದಕ್ಕೂ ಸಾಕ್ಷಿ ಸಿಗಲಿಲ್ಲ, ಆದ್ದರಿಂದ ಎಂಜಿನ್ ಕಡೆಗೂ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕಾರು ಕೊಳ್ಳಲು ಬರುವ ಶ್ರೀಮಂತರಿಗೆ ಸೀಟಿನ ಚರ್ಮ, ಹೊಲಿಗೆಯ ದಾರ ತೋರಿಸುವ ಕೋಣೆಗೆ ಅವಳನ್ನು ಹಾಕಿದರು. ನವೆಂಬರಿನಲ್ಲಿ ಎಂಜಿನ್ ಹೊರಗೆ ಬಂತು. ಆ ಬೆಳಿಗ್ಗೆ ಊರೆಲ್ಲ ರಸ್ತೆಗೆ ಬಂದು ಸದ್ದಿಗೆ ಕಿವಿಗೊಟ್ಟು ನಿಂತಿತ್ತು. ವಾಯ್ನೆರ್ ಕಣ್ಣೊರೆಸಿಕೊಂಡ. ಆರು, ಆರೇ ಎಂದು ಜನ ನೇರಿಯೊನನ್ನು ಹುಡುಕಿದರು. ಅವನು ಕಿಟಕಿ ಬಾಗಿಲು ಮುಚ್ಚಿಕೊಂಡು ಮನೆಯೊಳಗಿದ್ದ. ನನಗೆ ಆವತ್ತು ಆ ಸದ್ದು ಹಿಡಿಸಲಿಲ್ಲ. ನಮ್ಮೂರಿನ ಹುಡುಗಿ ನಾಲ್ಕು ವರ್ಷ ಸಾಕಿದ್ದನ್ನು ನಾವು ಸೋಮಾರಿಗಳು ನಿಂತು ಕೇಳುತ್ತಿದ್ದೆವು, ಅವಳು ಒಳಗೆಲ್ಲೋ ದಾರದ ಉಂಡೆ ಜೋಡಿಸುತ್ತಿದ್ದಳು.

ಮುಂದಿನ ಭಾನುವಾರ ಆರ್ಜಿಯಾ ನನ್ನನ್ನು ಊಟಕ್ಕೆ ಕರೆದಳು. ಅಪ್ಪ ಮಗಳು ಎದುರೆದುರು ಕೂತರೆ ಮನೆಯಲ್ಲಿ ಉಸಿರುಕಟ್ಟುತ್ತದೆ, ಹೊರಗಿನವರು ಒಬ್ಬರಿದ್ದರೆ ವಾಸಿ ಎಂದಳು. ಮಿಲೇನಾ ಬಂದಳು, ಅಮ್ಮನಿಗೆ ಮುತ್ತಿಟ್ಟಳು, ಕೂತಳು. ಚಳಿ ಜೋರಾಯಿತು ಎಂದಳು. ಹೌದು ಎಂದೆ ನಾನು. ಮಂಜು ಬೀಳಬಹುದು ಎಂದೆ. ಹವೆಯ ಮಾತು ಅಲ್ಲಿಗೆ ಮುಗಿಯಿತು.

ನೇರಿಯೊ ಸಾರಿನ ಬಟ್ಟಲು ನೋಡುತ್ತ, ಕ್ಷಮಿಸು ಎಂದ. ದೊತ್ತೋರ್ ಮುಂದೆ ಯಾಕೆ ಹಾಗಂದೆನೋ ಗೊತ್ತಿಲ್ಲ, ನೀನು ನನಗೆ ಏನೂ ಹೇಳುವುದಿಲ್ಲ ಎಂದು ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂದ. ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಮಿಲೇನಾಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವಳು ಬಟ್ಟಲನ್ನು ಬದಿಗೆ ಸರಿಸಿದಳು.

"ಎಂಜಿನ್ ವಿಷಯ ಹೇಳೋ ಹಾಗಿರ್ಲಿಲ್ಲ, ಪಪ್ಪಾ. ನನ್ನ ವಿಷಯ ಹೇಳ್ಬಹುದಿತ್ತು. ಮೊದಲ ವರ್ಷ ಅಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರ್ತಿರ್ಲಿಲ್ಲ. ಎಂಜಿನ್ ತಡೆಯಲ್ಲ ಅಂತ ನಾನು ಹೇಳಿದ್ದು ಸರಿ ಅಂತ ಅದು ಒಡೆದ್ಮೇಲೆ ಒಪ್ಕೊಂಡ್ರು. ಅವತ್ತು ಕಾರಲ್ಲಿ ಕೂತು ಅತ್ತುಬಿಟ್ಟೆ, ಖುಷಿಗೆ. ಅದ್ರಲ್ಲಿ ಗುಟ್ಟೇನಿತ್ತು? ಲೋರಿಸನ ಅಂಗಡೀಲಿ ಊರೋರೆಲ್ಲ ಎಷ್ಟು ಸಿಲಿಂಡರು ಅನ್ನೋದನ್ನ ನೀನು ದಿನಾ ಕೂತು ಕೇಳ್ತಿದ್ದೆ. ನನ್ನನ್ನ ಒಂದಿನಾನೂ, ಹೇಗಿತ್ತಮ್ಮಾ ಇವತ್ತು ಅಂತ ಕೇಳ್ಲಿಲ್ಲ."

ಆರ್ಜಿಯಾ ಎದ್ದು ಒಲೆಯ ಕಡೆ ಹೋದಳು. ನನಗೂ ಎಲ್ಲಾದರೂ ಹೋಗಬೇಕೆನಿಸಿತು, ಹೋಗಲು ಜಾಗವಿರಲಿಲ್ಲ. ನೇರಿಯೊ ಬಟ್ಟಲಿನಿಂದ ತಲೆಯೆತ್ತಿದ.

"ಈಗ ಕೇಳ್ಲಾ?"

"ಕೇಳು ಪಪ್ಪಾ. ಈಗ ಎಲ್ಲಾನೂ ಹೇಳ್ಬಹುದು. ಮುಚ್ಚಿಡೋ ಅಂಥದ್ದು ನನ್ನ ಕೆಲ್ಸದಲ್ಲಿ ಈಗ ಏನೂ ಇಲ್ಲ."

ಅವನು ಕೇಳಿದ. ಅವಳು ದಾರದ ಬಣ್ಣಗಳ ಹೆಸರು ಹೇಳತೊಡಗಿದಳು. ಕೆಂಪಿನಲ್ಲಿಯೇ ಒಂಬತ್ತು ಬಗೆ ಇವೆಯಂತೆ. ನೇರಿಯೊ ಚಮಚ ಕೆಳಗಿಟ್ಟು, ಒಂದೊಂದನ್ನೂ ಹೇಗಿರುತ್ತದೆ ಎಂದು ಕೇಳುತ್ತ ಹೋದ.